‘ಜೈನ ಊಟ’ ಎಂಬ ಮಾತಿನ ಬೆಲೆ

ಬೆಂಗಳೂರಿನ ಚಿಕ್ಕಪೇಟೆ, ವಿಶ್ವೇಶ್ವರಪುರ, ಜಯನಗರ ಮೊದಲಾದ ಬಡಾವಣೆಗಳ ಸಸ್ಯಾಹಾರಿ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಇಂದು ‘ಜೈನ’ ಎಂಬ ಶಬ್ದ ಅಪರೂಪವಲ್ಲ. ಜೈನ ಪಾವ್‌ಭಾಜಿ, ಜೈನ ಮಸಾಲೆದೋಸೆ, ಜೈನ ಪಲಾವ್ ಎಂದು ಬರೆದಿರುವುದನ್ನು ಕಂಡು ಸಮಾಜದ ಅನೇಕರು ಹೆಮ್ಮೆಪಡುತ್ತಾರೆ. ಅನ್ಯರೂ ಜೈನರ ಆಹಾರನಿಯಮವನ್ನು ಗೌರವಿಸುವ ಕಾಲ ಬಂದಿತೆಂದು ಭಾವಿಸುತ್ತಾರೆ. ಆದರೆ ಆ ಶಬ್ದದ ಹಿಂದಿರುವ ಸರಕು ಎಂಥದು ಎಂದು ಪರೀಕ್ಷಿಸುವವರು ವಿರಳ. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟು, ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದರೆ ಹೋಟೆಲಿನವನ ಮಟ್ಟಿಗೆ ಜೈನಾಚಾರ ಮುಗಿಯಿತು. ಶೋಚನೀಯ ಸಂಗತಿಯೆಂದರೆ, ತಿನ್ನುವ ಜೈನನ ಮಟ್ಟಿಗೂ ಅದು ಅಷ್ಟಕ್ಕೇ ಮುಗಿಯುತ್ತಿದೆ.

ಅಡಿಗೆಮನೆಯ ಒಳಗಿನ ಸ್ಥಿತಿಯನ್ನು ವಿಚಾರಿಸಬೇಕು. ದೋಸೆಯ ಕಾವಲಿಯನ್ನು ಹೆಚ್ಚಿದ ಈರುಳ್ಳಿಯಿಂದ ಉಜ್ಜಿ ಎಣ್ಣೆ ಹಚ್ಚುವುದು ಅನೇಕ ಹೋಟೆಲುಗಳ ರೂಢಿ. ‘ಜೈನ’ ದೋಸೆಗೆಂದು ಬೇರೆ ಕಾವಲಿ ಇಡುವವರು ಎಷ್ಟು ಮಂದಿ? ಆಲೂಗಡ್ಡೆ ಬೋಂಡ ಕರಿದ ಎಣ್ಣೆಯಲ್ಲಿಯೇ ಬಾಳೆಕಾಯಿ ಬಜ್ಜಿಯೂ ಬೇಯುತ್ತದೆ. ಕಾಯಿಸದ ಮೊಸರಿನಲ್ಲಿ ಉದ್ದಿನ ವಡೆಯನ್ನು ನೆನೆಸಿದರೆ ಅದು ದ್ವಿದಳ ದೋಷವೆಂದು ಹಳೆಯ ತಲೆಮಾರಿನ ಗೃಹಿಣಿಯರಿಗೆಲ್ಲ ತಿಳಿದಿತ್ತು. ಈರುಳ್ಳಿ ಇಲ್ಲವೆಂಬ ಒಂದೇ ಕಾರಣಕ್ಕೆ ಆ ಮೊಸರುವಡೆ ಇಂದು ನಿರ್ದೋಷವೆನಿಸಿಕೊಂಡಿದೆ. ಹಿಟ್ಟಿನ ಮರ್ಯಾದೆಯನ್ನಾಗಲಿ, ನೀರು ಸೋಸಿದ್ದೇ ಎಂಬುದನ್ನಾಗಲಿ ಕೇಳುವವರಿಲ್ಲ.

ಪೊಟ್ಟಣದ ಆಹಾರದ ಮೇಲಿನ ಹಸಿರು ಗುರುತನ್ನು ನಂಬಿದವರೂ ಸ್ವಲ್ಪ ಯೋಚಿಸಬೇಕು. 2020ರ ಲೇಬಲ್ ನಿಯಮಾವಳಿ ಮಾಂಸಾಹಾರದ ವ್ಯಾಖ್ಯೆಯಿಂದ ಜೇನುತುಪ್ಪವನ್ನು ಹೊರಗಿಟ್ಟಿದೆ. ಸಮಂತಭದ್ರಾಚಾರ್ಯರಾದರೋ ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸಗಳೊಡನೆ ಮಧುವನ್ನೂ ಸೇರಿಸಿ, ಅವುಗಳ ತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಸರ್ಕಾರದ ಗುರುತು ಸರ್ಕಾರದ ಕೆಲಸ ಮಾಡುತ್ತದೆ. ಶ್ರಾವಕನ ವಿವೇಕದ ಕೆಲಸವನ್ನು ಅದು ಮಾಡಲಾರದು.

ಇದರಲ್ಲಿ ಹೋಟೆಲಿನವನದೇ ದೊಡ್ಡ ತಪ್ಪೆಂದು ಹೇಳಲಾಗದು. ಗಿರಾಕಿ ಕೇಳಿದ್ದನ್ನು ಕೊಡುವುದು ಅವನ ವೃತ್ತಿ. ಬಟ್ಟೆ ವ್ಯಾಪಾರಿಯೊಬ್ಬನ ಮುದ್ರೆಯನ್ನು ಬೇರೊಬ್ಬನು ಕೀಳು ಬಟ್ಟೆಗೆ ಒತ್ತಿ ಮಾರಿದರೆ ಆ ವ್ಯಾಪಾರಿ ಮರುದಿನವೇ ವಕೀಲರ ಮನೆಗೆ ಹೋಗುತ್ತಾನೆ. ಅದೇ ವ್ಯಾಪಾರಿ ತೀರ್ಥಂಕರರ ಧರ್ಮದ ಹೆಸರನ್ನು ತಟ್ಟೆಯ ಮೇಲೆ ಒತ್ತಿ ಮಾರುವಾಗ ಹಣ ಕೊಟ್ಟು ಕೊಳ್ಳುತ್ತಾನೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ 5 ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಅಸಲಿನಂತೆ ತೋರುವ ನಕಲಿಯನ್ನು ಅಸಲೆಂದು ನಡೆಸುವುದು. ತಿಳಿದೂ ತಿಳಿದೂ ಕೊಳ್ಳುವವನು ಆ ದೋಷದಿಂದ ಪೂರ್ತಿ ಹೊರಗುಳಿದನೆಂದು ಹೇಗೆ ಹೇಳುವುದು?

ಮಹಾನಗರದ ಜೀವನದಲ್ಲಿ ಇದೆಲ್ಲ ಅನಿವಾರ್ಯ, ಭಾವ ಶುದ್ಧವಾಗಿದ್ದರೆ ಸಾಕು ಎಂಬ ವಾದವುಂಟು. ಶಾಸ್ತ್ರ ಅನಿವಾರ್ಯತೆಯನ್ನು ಅರಿಯದ್ದೇನಲ್ಲ. ಅದು ಎಲ್ಲರಿಗೂ ಒಂದೇ ಹೊರೆಯನ್ನು ಹೊರಿಸದೆ ಶ್ರಾವಕನಿಗೆ 11 ಪ್ರತಿಮೆಗಳ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ಕೆಳಗಿನ ಮೆಟ್ಟಿಲಿನಲ್ಲಿ ನಿಂತಿರುವುದು ಪಾಪವಲ್ಲ. ಅಲ್ಲಿ ನಿಂತು ಮೇಲಿನ ಮೆಟ್ಟಿಲಿನಲ್ಲಿರುವೆನೆಂದು ಹೇಳಿಕೊಳ್ಳುವುದು ಸತ್ಯಾಣುವ್ರತಕ್ಕೆ ಕಳಂಕ. ಹೊರಗೆ ತಿನ್ನಬೇಕಾಗಿ ಬಂದವನು ‘ಈರುಳ್ಳಿ ಇಲ್ಲದ ತಿಂಡಿ’ ಎಂದು ಕೇಳಿ ತಿನ್ನಲಿ. ಅಷ್ಟು ಪ್ರಾಮಾಣಿಕತೆ ಇದ್ದರೆ ಮುಂದಿನ ಮೆಟ್ಟಿಲು ಕಣ್ಣಿಗೆ ಬಿದ್ದೀತು.

ತಿಂಡಿಪಟ್ಟಿಯಲ್ಲಿ ಎಂದೂ ಕಾಣದ ನಿಯಮವೆಂದರೆ ಹೊತ್ತಿನದು. ಸಮಂತಭದ್ರರು ರಾತ್ರಿಭುಕ್ತಿತ್ಯಾಗವನ್ನು 6ನೆಯ ಪ್ರತಿಮೆಯಾಗಿ ಹೇಳಿದ್ದಾರೆ. ವಿದ್ಯುದ್ದೀಪದ ಕಾಲದಲ್ಲಿ ಈ ನಿಯಮವೇಕೆ ಎಂದು ಕೇಳುವವರಿಗೆ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉತ್ತರವಿದೆ: ದೀಪವನ್ನು ಹಚ್ಚಿದರೂ ಆಹಾರಕ್ಕೆ ಬೀಳುವ ಸೂಕ್ಷ್ಮಜಂತುಗಳ ಹಿಂಸೆ ತಪ್ಪದೆಂಬುದು ಅವರ ಅಭಿಪ್ರಾಯ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸುಮಾರು 5 ಗಂಟೆ 50 ನಿಮಿಷಕ್ಕೆ, ಜುಲೈ ಆರಂಭದಲ್ಲಿ ಸುಮಾರು 6 ಗಂಟೆ 50 ನಿಮಿಷಕ್ಕೆ ಆಗುತ್ತದೆ. ಅದಕ್ಕೂ 2 ಘಳಿಗೆ, ಎಂದರೆ 48 ನಿಮಿಷ, ಮೊದಲೇ ಊಟ ಮುಗಿಸುವುದು ನಿಷ್ಠಾವಂತರ ಪದ್ಧತಿ. ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿಯಾದರೋ ಕಳೆಗಟ್ಟುವುದೇ ಕತ್ತಲಾದ ಮೇಲೆ. ರಾತ್ರಿ 9 ಗಂಟೆಗೆ ತಿನ್ನುವ ಪದಾರ್ಥಕ್ಕೆ ‘ಜೈನ’ ಎಂಬ ವಿಶೇಷಣ ಹೇಗೆ ಹೊಂದೀತು?

ಇಷ್ಟಾದ ಮೇಲೆ ತರುಣರನ್ನು ದೂಷಿಸಿ ಹಿರಿಯರು ಕೈತೊಳೆದುಕೊಳ್ಳುವಂತಿಲ್ಲ. ಮಗಳ ಮದುವೆಯ ಆರತಕ್ಷತೆಯನ್ನು ಸಂಜೆ 7 ಗಂಟೆಗೆ ಇರಿಸಿ, 10 ಗಂಟೆಯವರೆಗೆ ಪಂಕ್ತಿ ನಡೆಸುವವರು ಹಿರಿಯರೇ. ಆ ಆಮಂತ್ರಣಪತ್ರಿಕೆಯ ನೆತ್ತಿಯ ಮೇಲೆ ಜಿನಬಿಂಬವೂ ಇರುತ್ತದೆ. ಪ್ರವಚನಮಂದಿರದಲ್ಲಿ ರಾತ್ರಿಭೋಜನತ್ಯಾಗದ ಉಪದೇಶ ಮಾಡಿಸಿ, ಪಕ್ಕದ ಸಭಾಭವನವನ್ನು ರಾತ್ರಿಯ ಔತಣಕ್ಕೆ ಬಾಡಿಗೆಗೆ ಕೊಡುವ ಟ್ರಸ್ಟು ತನ್ನ ಲೆಕ್ಕದ ಪುಸ್ತಕದಲ್ಲಿ ಆ ಬಾಡಿಗೆಯನ್ನು ಯಾವ ಬಾಬ್ತಿಗೆ ಬರೆದುಕೊಳ್ಳಬೇಕು?

ಹಾಸನ, ಬೆಳಗಾವಿ, ದಕ್ಷಿಣ ಕನ್ನಡದ ಜಿಲ್ಲೆಗಳಿಂದ ಉದ್ಯೋಗಕ್ಕೆ ಬಂದು ಬಾಡಿಗೆಯ ಕೋಣೆಯಲ್ಲಿರುವ ತರುಣ ತರುಣಿಯರ ಸ್ಥಿತಿ ಬೇರೆ. ಸಂಜೆ 5 ಗಂಟೆಗೆ ಅವರು ಕಛೇರಿಯಲ್ಲಿರುತ್ತಾರೆ. ಕೋಣೆ ಸೇರುವಾಗ ಕತ್ತಲಾಗಿರುತ್ತದೆ. ಹಸಿವು ಶಾಸ್ತ್ರವಾಕ್ಯದಿಂದ ಅಡಗುವುದಿಲ್ಲ. ಅವರಿಗೆ ಬೈಗುಳವಷ್ಟೇ ದೊರೆತರೆ ಮೊದಲು ನಿಯಮವನ್ನು ಬಿಡುತ್ತಾರೆ, ನಾಚಿಕೆಯಿಂದ ಬಸದಿಗೆ ಬರುವುದನ್ನೂ ಬಿಡುತ್ತಾರೆ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರಕ್ಕೆ ಮೊದಲ ಸ್ಥಾನ. ಧರ್ಮಸ್ಥಳದ ಅನ್ನದಾನ ಜೈನ ಮನೆತನವೊಂದರ ಆಡಳಿತದಲ್ಲಿ ನಡೆದುಬಂದಿರುವುದು ಸಮಾಜದ ಕಣ್ಣೆದುರಿಗೇ ಇದೆ. ಅಷ್ಟು ದೊಡ್ಡದು ಬೇಕಿಲ್ಲ. ನಗರದ ಟ್ರಸ್ಟುಗಳು ಒಂದೊಂದು ಬಡಾವಣೆಯಲ್ಲಿ ಸಂಜೆ 5ಕ್ಕೆ ಬಾಗಿಲು ತೆರೆಯುವ ಸರಳ ಭೋಜನಶಾಲೆ ನಡೆಸಲಿ. ಬರಲಾಗದವರಿಗೆ ಡಬ್ಬಿಯಲ್ಲಿ ಬುತ್ತಿ ಕಳುಹಿಸಲಿ. ಧರ್ಮಾರ್ಥ ಬೇಡ, ಲಾಭವಿಲ್ಲದ ದರ ಸಾಕು. ದುಡಿಯುವ ಮಕ್ಕಳು ಸಂತೋಷದಿಂದ ಕೊಡುತ್ತಾರೆ. ಸಭಾಭವನದ ಬಾಡಿಗೆಯ ಕರಾರಿನಲ್ಲಿ ಸೂರ್ಯಾಸ್ತದ ಒಳಗೆ ಊಟ ಮುಗಿಯಬೇಕೆಂಬ ಷರತ್ತು ಸೇರಲಿ. ‘ಜೈನ’ ಶಬ್ದವನ್ನು ಬಳಸುವ ಹೋಟೆಲಿನವರಿಗೆ ಕಾವಲಿ, ಎಣ್ಣೆ, ಮೊಸರು, ನೀರು, ಹೊತ್ತು ಈ 5 ವಿಷಯಗಳ ಸಣ್ಣ ಪತ್ರವೊಂದನ್ನು ವಿನಯದಿಂದ ತಲುಪಿಸಲಿ; ಪಾಲಿಸಲಾಗದವರು ಆ ಶಬ್ದವನ್ನು ಬಿಡುವಂತೆ ಕೇಳಿಕೊಳ್ಳಲಿ.

ಬಸದಿಗೆ ಅಮೃತಶಿಲೆ ಹೊದಿಸುವ ದಾನಿಗಳು ಎಂದೂ ಕಡಿಮೆಯಾಗಿಲ್ಲ. ಸಂಜೆಯ ಒಂದು ತಟ್ಟೆ ಅನ್ನಕ್ಕೆ ದಾನಿಗಳು ಹುಟ್ಟಿದಲ್ಲಿ, ಆ ಅಮೃತಶಿಲೆಯ ಮೇಲೆ ನಡೆಯಲು ಮುಂದಿನ ತಲೆಮಾರೂ ಉಳಿದೀತು.