ನೆಲದೊಳಗಿನ ಟ್ಯಾಂಕು, ನಮ್ಮ ಕೊಡದ ನೀರು



ಬೀದರ, ಭಾಲ್ಕಿ, ಔರಾದದ ರಸ್ತೆಬದಿಯಲ್ಲಿ ಪೆಟ್ರೋಲ್ ಬಂಕುಗಳು ಎದ್ದಿವೆ. ಮೇಲೆ ದೀಪ, ಬಣ್ಣ, ಬೋರ್ಡು. ಕೆಳಗೆ ಸಾವಿರಾರು ಲೀಟರ್ ಎಣ್ಣೆ ಹೊತ್ತ ಟ್ಯಾಂಕು. ಟ್ಯಾಂಕೋ ಪೈಪೋ ತುಕ್ಕು ಹಿಡಿದು ಸೋರಿದರೆ ಮೊದಲು ಗೊತ್ತಾಗುವುದು ಯಾರಿಗೆ? ಸಣ್ಣ ಸೋರಿಕೆ ಮಾಲೀಕನ ದಿನದ ಲೆಕ್ಕದ ವ್ಯತ್ಯಾಸದೊಳಗೇ ಅಡಗಬಹುದು. ಇಳಿಜಾರಿನ ಬಾವಿಯಲ್ಲಿ ಕೊಡ ಮುಳುಗಿಸುವ ನಮ್ಮವ್ವಂದಿರ ಹೊಟ್ಟೆಯೊಳಗೆ ಅದು ಅಡಗುವುದಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರಿನ 108 ಕೊಡ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ನಮ್ಮ ಬೊಗಸೆ ತಾಗಿದ್ದಕ್ಕೆ ಅಷ್ಟು ಅವಸರ! ಈಗ ನಿಜವಾದ ವಿಷ ನೀರಿಗಿಳಿಯುವ ಭಯವಿದ್ದಾಗ ಮಡಿ-ಮೈಲಿಗೆಯ ಪಂಡಿತರು ಯಾಕೆ ಬಾಯಿ ಬಿಡುವುದಿಲ್ಲ?

ಬೀದರ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ತೂತು ತೂತಿನ ಕಲ್ಲು. ಮಳೆನೀರು ಬೇಗ ಇಳಿದು ಕೆಳಗಿನ ಕರಿಕಲ್ಲಿನ ಮೇಲೆ ಹರಿಯುತ್ತದೆ. ಇದನ್ನರಿತೇ ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಕೊರೆದರು. ನೀರಿಳಿವ ದಾರಿಯಲ್ಲೇ ಎಣ್ಣೆಯೂ ಇಳಿಯುತ್ತದೆ. ಭಾಲ್ಕಿ, ಔರಾದದ ಕಡೆ ಎರೆಮಣ್ಣಿನ ಕೆಳಗೆ ಕರಿಕಲ್ಲಿನ ಬಿರುಕುಗಳು. ಬಿರುಕು ಯಾವ ಕಡೆ ಹೊರಟಿದೆ ಅಂತ ಮೇಲೆ ನಿಂತು ಯಾವ ಸಾಹೇಬನೂ ಹೇಳಲಾರ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಅಂತರ ಗೊತ್ತುಮಾಡಿತು: ಶಾಲೆ, ಆಸ್ಪತ್ರೆ, ವಸತಿಯಿಂದ 50 ಮೀಟರ್, ಆಗದಿದ್ದರೆ ಹೆಚ್ಚಿನ ಸುರಕ್ಷತೆಯೊಂದಿಗೆ, ಆದರೂ 30 ಮೀಟರಿಗೆ ಕಡಿಮೆಯಿಲ್ಲ. ಒಳ್ಳೆಯದು. ಆದರೆ ಟೇಪು ಹಿಡಿಯುವುದು ನೆಲದ ಮೇಲೆ. ನೆಲದೊಳಗಿನ ನೀರಿಗೆ ಟೇಪು ಗೊತ್ತಿಲ್ರೀ.

ಉಪಾಯ ಇದೆ: ತಪಾಸಣಾ ಬಾವಿ. ಕುಡಿಯಲಿಕ್ಕಲ್ಲ, ನೋಡಲಿಕ್ಕೆ ಕೊರೆಯುವ ಸಣ್ಣ ಬೋರು. ಕಡಿಮೆಯೆಂದರೂ ಮೂರು ಬೇಕು. ಮೂರರ ನೀರಿನ ಮಟ್ಟ ಅಳೆದರೆ ನೀರು ಸಾಗುವ ದಿಕ್ಕು ಸಿಗುತ್ತದೆ. ಒಂದು ಟ್ಯಾಂಕಿನ ಮೇಲಿನ ಬದಿಗೆ, ಎರಡು ಇಳಿಜಾರಿಗೆ. ಪೆಟ್ರೋಲು ನೀರಿಗಿಂತ ಹಗುರ, ತೇಲುತ್ತದೆ. ಆದ್ದರಿಂದ ಸೀಳು ಕೊರೆದ ಪೈಪು ಬೇಸಿಗೆಯ ಮಟ್ಟಕ್ಕೂ ಮಳೆಗಾಲದ ಮಟ್ಟಕ್ಕೂ ನಿಲುಕಬೇಕು. ಬರೀ ಆಳಕ್ಕೆ ಇಳಿಸಿದರೆ ತೇಲುವ ಎಣ್ಣೆ ಕಾಣುವುದೇ ಇಲ್ಲ. ಅದು ಕಣ್ಣು ಕಟ್ಟಿಕೊಂಡ ಬಾವಿ. ಪೈಪಿನ ಸುತ್ತ ಮರಳು, ಅದರ ಮೇಲೆ ಬೆಂಟೊನೈಟ್ ಜೇಡಿ ತುಂಬಿ ಬಾಯಿಗೆ ಬೀಗ ಹಾಕಬೇಕು. ಇಲ್ಲವಾದರೆ ಆ ಬಾವಿಯೇ ಮೇಲಿನ ಹೊಲಸಿಗೆ ದಾರಿ.

ನೀರು ತೆಗೆಯುವುದರಲ್ಲೂ ಮೋಸಕ್ಕೆ ಜಾಗವಿದೆ. ಪೈಪಿನಲ್ಲಿ ನಿಂತ ಹಳೇ ನೀರು ಹೊರಹಾಕಿ, ಹೊಸ ನೀರನ್ನು ಗಾಜಿನ ಶೀಸೆಗೆ ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ಲಾಸ್ಟಿಕ್ ಬಾಟಲಿಗೆ ಅರ್ಧ ತುಂಬಿ ಬಿಸಿಲಲ್ಲಿಟ್ಟರೆ ಬೆಂಜೀನ್ ಹಾರಿಹೋಗುತ್ತದೆ, ವರದಿ ಮಾತ್ರ ಶುದ್ಧವಾಗಿ ಬರುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಿಷ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟಕ್ಕೆ ಮೂಗಿಗೆ ವಾಸನೆಯೂ ಬಾರದು. ಕಾಯಿಸಿ ಕುಡೀರಿ ಎಂಬ ಉಪದೇಶ ಬೇಡ. ಕಾಯಿಸಿದರೆ ಅದು ಆವಿಯಾಗಿ ನಮ್ಮ ಅಡುಗೆಮನೆಯಲ್ಲೇ ತುಂಬುತ್ತದೆ.

"ನಳ ಕೊಟ್ಟೀವಲ್ಲ, ಬಾವಿ ಯಾಕ ಬೇಕು?" ಅಂತಾರೆ. ನಳ ಬಾರದ ದಿನ ನಾವು ಏನು ಕುಡಿಯಬೇಕು? ಎಷ್ಟೋ ಕಡೆ ಊರು ದಿಬ್ಬಕ್ಕೆ, ಕೇರಿ ತಗ್ಗಿಗೆ. ತಗ್ಗನ್ನು ನಾವು ಆರಿಸಿಕೊಂಡದ್ದಲ್ಲ, ಆದರೆ ಎಲ್ಲವೂ ಹರಿದು ಬರುವುದು ಅಲ್ಲಿಗೇ. ಹಾಗಾದರೆ ತಪಾಸಣಾ ಬಾವಿಯೂ ಅಲ್ಲಿಗೇ ಬರಲಿ. ಬಂಕಿನ ಅಂಗಳದ ಮೇಲಿನ ಮೂಲೆಯಲ್ಲಿ ಒಂದು ತೂತು ಕೊರೆದು 'ಎಲ್ಲ ಸರಿ ಅದ' ಎನ್ನುವುದು ತಪಾಸಣೆಯಲ್ಲ, ತೋರಿಕೆ.

ಬಾವಿಗೆ ವಿಷ ಬಿಡುವುದನ್ನು 1974ರ ಜಲ ಕಾಯ್ದೆ ನಿಷೇಧಿಸಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಸರಕಾರಿ ಕಚೇರಿಯ ಹಿಡಿತದಲ್ಲಿರುವ ದಾಖಲೆ ನೋಡುವ, ದೃಢೀಕರಿಸಿದ ಮಾದರಿ ಪಡೆಯುವ ಹಕ್ಕು ಕೊಟ್ಟಿದೆ. 30 ದಿನದಲ್ಲಿ ಉತ್ತರ ಕೊಡಬೇಕು. ಕಾಗದ, ಪೆನ್ನು ನಮ್ಮ ಮಕ್ಕಳ ಕೈಯಲ್ಲಿವೆ. ಅರ್ಜಿ ಹಾಕೋಣ.

ನಮ್ಮ ಬೇಡಿಕೆಗಳು:

1. ಕೇರಿಯ ಕಡೆಗೆ ನೀರು ಹರಿಯುವಲ್ಲಿ ಇರುವ ಪ್ರತಿ ಬಂಕಿನ ಇಳಿಜಾರಿಗೆ ತಪಾಸಣಾ ಬಾವಿ ಬೇಕು. ಖರ್ಚು ಎಣ್ಣೆ ಮಾರುವವರದು.
2. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ, ಕೇರಿಯವರ ಎದುರಿಗೇ ಮಾದರಿ ತೆಗೆಯಬೇಕು.
3. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಬಾವಿಯ ಪಕ್ಕದಲ್ಲೇ ಹಾಕಬೇಕು.
4. ನೀರು ಕೆಟ್ಟಿದ್ದರೆ ಅಂದೇ ಬೇರೆ ನೀರು ಕೊಡಬೇಕು.

ನಾವು ಮುಟ್ಟಿದರೆ ನೀರು ಕೆಡುತ್ತದೆ ಎಂದವರು ಉತ್ತರ ಕೊಡಲಿ: ಈಗ ಕೆಡಿಸುತ್ತಿರುವ ಕೈ ಯಾರದು?

ಜೈ ಭೀಮ್!