ಬೆಳಕಿದ್ದರೂ ಅದು ರಾತ್ರಿಯೇ

ಇವತ್ತು ನಿಮ್ಮ ಜೊತೆ ಒಂದು ಜಗಳ ಇದೆ. ನಾರ್ವೆಯ ಟ್ರೋಮ್ಸೊಗೆ ಹೋಗ್ತೀರಿ, ಮಧ್ಯರಾತ್ರಿ ಸೂರ್ಯನ ಜೊತೆ ಸೆಲ್ಫಿ ತೆಗೀತೀರಿ, ಕೆಳಗೆ ‘ಇಲ್ಲಿ ರಾತ್ರಿಯೇ ಇಲ್ಲ, ಟೈಮೇ ಇಲ್ಲ!’ ಅಂತ ಬರೀತೀರಿ. ಆ ಮಾತು ಸುಳ್ಳು.

ನಾನೂ ಹೀಗೇ ಕುಣಿದವನೇ. ಒಂದು ಜೂನ್ ತಿಂಗಳು, ರಾತ್ರಿ ಹನ್ನೊಂದೂವರೆ. ಪೇಟೆಯಿಂದ ಹೊರಟು, ಕಿಲೋಮೀಟರಿಗೂ ಸ್ವಲ್ಪ ಉದ್ದದ ಸೇತುವೆ ದಾಟಿ, 1965ರಲ್ಲಿ ಕಟ್ಟಿದ ಬಿಳಿ ತ್ರಿಕೋನದ ಆರ್ಕ್ಟಿಕ್ ಕೆಥೆಡ್ರಲ್ ಕಡೆಗೆ ನಡೆದ್ವಿ. ನಮ್ಮೂರಲ್ಲಿ ಸೂರ್ಯ ಮುಳುಗೋಕೆ ಕಾಲು ಗಂಟೆ ಇರುವಾಗ ಬೀಳುವಂಥ ಓರೆ ಬಿಸಿಲು. ಮನೆಗಳ ಬೀದಿಗೆ ಬಂದರೂ ನಮ್ಮ ಹರಟೆ, ನಗು, ಫೋನಿನ ಹಾಡು ನಿಲ್ಲಲಿಲ್ಲ. ಒಂದು ಕಿಟಕಿ ತೆರೆಯಿತು. ವಯಸ್ಸಾದ ಹೆಂಗಸೊಬ್ಬರು ಬೈಯಲಿಲ್ಲ. ಕೈಗಡಿಯಾರ ತೋರಿಸಿ, ದಪ್ಪ ಪರದೆ ಎಳೆದುಕೊಂಡರು. ಆಗ ನೋಡಿದೆ: ಬೀದಿಯುದ್ದಕ್ಕೂ ಪರದೆಗಳು ಮುಚ್ಚಿದ್ದವು. ಊರು ಮಲಗಿತ್ತು.

ಈ ‘ಟೈಮೇ ಇಲ್ಲ’ ಕಥೆಯನ್ನ ಮಾರಿದವರೂ ಇದ್ದಾರೆ. 2019ರಲ್ಲಿ, ಟ್ರೋಮ್ಸೊ ಹತ್ತಿರದ ಸೊಮ್ಮಾರೊಯ್ ದ್ವೀಪ ಗಡಿಯಾರವನ್ನೇ ಬಿಡುತ್ತಂತೆ ಅಂತ ಜಗತ್ತೆಲ್ಲ ಸುದ್ದಿಯಾಯ್ತು. ಆಮೇಲೆ ಗೊತ್ತಾಯ್ತು, ಅದು ಸರ್ಕಾರಿ ಸಂಸ್ಥೆ ಇನ್ನೊವೇಷನ್ ನಾರ್ವೆಯ ಪ್ರಚಾರ ತಂತ್ರ. ಸಂಸ್ಥೆ ಕ್ಷಮೆ ಕೇಳಿತು. ಕಥೆ ಮಾತ್ರ ನಮ್ಮ ಬಾಯಲ್ಲಿ ಉಳೀತು.

ಡೇಟಾ ನೋಡೋದು ನನ್ನ ಕೆಲಸ, ಹಾಗಾಗಿ ಲೆಕ್ಕವನ್ನೂ ಹೇಳ್ತೀನಿ. ಸುಮಾರು ಮೇ 20ರಿಂದ ಜುಲೈ 22ರವರೆಗೆ ಅಲ್ಲಿ ಸೂರ್ಯ ಮುಳುಗಲ್ಲ, ನಿಜ. ಆದರೆ ಹೆಚ್ಚುಕಡಿಮೆ 12:45ಕ್ಕೆ ಉತ್ತರದಲ್ಲಿ ಅತಿ ಕೆಳಗಿಳಿದು ಮತ್ತೆ ಏರ್ತಾನೆ. ಸೂರ್ಯನಿಗೇ ಅಲ್ಲೊಂದು ನಡುರಾತ್ರಿ ಇದೆ. ಇಲ್ಲದಿರೋದು ಕತ್ತಲೆ ಅಷ್ಟೇ.

‘ಊರವರೂ ರಾತ್ರಿ ಓಡಾಡ್ತಾರಲ್ಲ?’ ಅಂತೀರಾ? ಓಡಾಡ್ತಾರೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯನ ಮುಖವನ್ನೇ ಕಾಣದೆ ಕಳೆದವರು ಅವರು. ಈ ಬೆಳಕಿನ ಮೇಲೆ ಅವರಿಗೆ ಹಕ್ಕಿದೆ. ಜೊತೆಗೆ, ಯಾವ ಮನೆಯಲ್ಲಿ ಕೂಸು ಮಲಗಿದೆ ಅನ್ನೋದೂ ಅವರಿಗೆ ಗೊತ್ತು. ನಮಗೆ ಗೊತ್ತಿಲ್ಲ.

ಕೊಡಗಿನ ಹೋಂಸ್ಟೇಗೆ ಬಂದು ನಡುರಾತ್ರಿ ಸ್ಪೀಕರ್ ಹಚ್ಚೋರನ್ನ ಬೈಯೋರು ನಾವೇ ಅಲ್ವಾ? ಪಾಸ್‌ಪೋರ್ಟ್ ಹಿಡಿದು ಹೋದ ತಕ್ಷಣ ಅದೇ ಗದ್ದಲ ‘ಅನುಭವ’ ಆಗಿಬಿಡುತ್ತಾ?

ಹೋಗಿ, ಖಂಡಿತ ಹೋಗಿ. ಮಕ್ಕಳನ್ನೂ ಕರ್ಕೊಂಡು ಆ ಸೇತುವೆ ಮೇಲೆ ನಡೀರಿ. ಮನೆಗಳು ಶುರುವಾದ ಕಡೆ ದನಿ ಇಳಿಸಿ. ಆ ಪರದೆಗಳ ಹಿಂದೆ ಯಾರೋ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡಬೇಕು, ನಿಮ್ಮ ಹಾಗೇ.