ಹೆಗಲ ಮೇಲಿನ ಚೀಲ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಮೂವತ್ತನಾಲ್ಕು ವರ್ಷಗಳ ಕಾಲ ನಾನು ಮಕ್ಕಳಿಗೆ ಬೋಧಿಸಿದ್ದೇನೆ. ಅದರ ಮೇಲೆ ಪ್ರಬಂಧ ಬರೆಸಿದ್ದೇನೆ. ಚೆನ್ನಾಗಿ ಬರೆದವರಿಗೆ ಅಂಕಗಳನ್ನೂ ಕೊಟ್ಟಿದ್ದೇನೆ. ಆದರೆ ನಿಜ ಹೇಳಬೇಕೆಂದರೆ, ಗಾದೆಯ ಉತ್ತರಾರ್ಧವನ್ನು ಮಾತ್ರ ಆಚರಣೆಗೆ ತಂದವನು ನಾನು. ಕೋಶಗಳನ್ನು ಓದಿದ್ದೆ, ದೇಶ ಸುತ್ತಿರಲಿಲ್ಲ. ನಿವೃತ್ತನಾದ ಮೇಲೆ ಇಬ್ಬರು ಗೆಳೆಯರೊಡನೆ, ಹೆಗಲಿಗೊಂದು ಚೀಲ ಏರಿಸಿಕೊಂಡು, ಥಾಯ್‌ಲೆಂಡ್, ಲಾವೋಸ್, ವಿಯೆಟ್ನಾಮ್, ಕಾಂಬೋಡಿಯ ಎಂಬ ನಾಲ್ಕು ದೇಶಗಳಲ್ಲಿ ನಲವತ್ತು ದಿನ ಸುತ್ತಾಡಿ ಬಂದೆ. ಆ ಸುತ್ತಾಟದಿಂದ ನನ್ನಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ಪರದೇಶಕ್ಕೆ ಗಿರಾಕಿಯಾಗಿ ಹೋಗುವುದು ಬೇರೆ, ಅತಿಥಿಯಾಗಿ ಹೋಗುವುದು ಬೇರೆ. ಅತಿಥಿಯಾಗಿ ಹೋದವನಿಗೆ ಮಾತ್ರ ಪ್ರವಾಸವು ಶಿಕ್ಷಣವಾಗುತ್ತದೆ.

ನಮ್ಮ ಮೂವರಲ್ಲಿ ಒಬ್ಬರು ಗಣಿತದ ಮೇಷ್ಟ್ರು, ಇನ್ನೊಬ್ಬರು ಚಿತ್ರಕಲೆಯ ಮೇಷ್ಟ್ರು, ಮೂರನೆಯವನು ಕನ್ನಡ ಪಂಡಿತನಾದ ನಾನು. ನಮ್ಮ ಯೋಜನೆಯನ್ನು ಕೇಳಿದ ನೆರೆಹೊರೆಯವರು ನಕ್ಕರು. ‘ಈ ವಯಸ್ಸಿನಲ್ಲಿ ಚೀಲ ಹೊತ್ತು ತಿರುಗುವುದೇ? ಯಾವುದಾದರೂ ಪ್ರವಾಸ ಸಂಸ್ಥೆಗೆ ಹಣ ಕಟ್ಟಿ, ಹವಾನಿಯಂತ್ರಿತ ಬಸ್ಸಿನಲ್ಲಿ ಏಳು ದಿನದಲ್ಲಿ ಎಲ್ಲವನ್ನೂ ನೋಡಿ ಬರಬಾರದೇ?’ ಎಂದರು. ಅವರ ಮಾತಿನಲ್ಲಿ ಕಾಳಜಿ ಇತ್ತು. ಆದರೆ ಆ ಬಸ್ಸಿನ ಗಾಜಿನ ಕಿಟಕಿಯಿಂದ ದೇಶವು ಚಿತ್ರದಂತೆ ಕಾಣುವುದೇ ಹೊರತು, ಅಲ್ಲಿನ ಜನರೊಡನೆ ಒಂದು ಮಾತು ಆಡುವ ಅವಕಾಶ ಒದಗುವುದು ವಿರಳ. ಅವಸರವಿಲ್ಲದೆ ನೋಡಬೇಕೆಂಬುದು ನಮ್ಮ ಆಸೆ. ಪಿಂಚಣಿಯಲ್ಲಿ ಮೂರು ವರ್ಷ ಉಳಿಸಿದ ಹಣದಲ್ಲಿ ಅಷ್ಟು ದಿನ ಕಳೆಯಬೇಕಾದರೆ ಅಗ್ಗದ ಬಿಡಾರ, ಸಾಮಾನ್ಯರ ರೈಲು, ಬೀದಿಯ ಊಟ ಇವೇ ಗತಿ.

ಹೀಗೆ ಚೀಲ ಹೊತ್ತು ಹೊರಡುವ ಎಳೆಯರಿಗೆ ಅಗ್ಗದ ಬಿಡಾರಗಳನ್ನು ಒದಗಿಸಬೇಕೆಂಬ ಚಳವಳಿಯನ್ನು ಮೊದಲು ಹೂಡಿದವನು ಒಬ್ಬ ಶಾಲಾ ಉಪಾಧ್ಯಾಯನೆಂಬುದು ಕುತೂಹಲಕರವಾದ ಸಂಗತಿ. ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಉಪಾಧ್ಯಾಯನು ೧೯೦೯ರಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದನು. ದಾರಿಯಲ್ಲಿ ಬಿರುಗಾಳಿ ಮಳೆ ಬಂದು ಅವರೆಲ್ಲರೂ ಒಂದು ಹಳ್ಳಿಯ ಶಾಲೆಯಲ್ಲಿ ಆಶ್ರಯ ಪಡೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ನಡೆದು ಬರುವ ಮಕ್ಕಳಿಗೆ ತಂಗುದಾಣಗಳಾಗಬಾರದೇಕೆ ಎಂಬ ಯೋಚನೆ ಆ ರಾತ್ರಿ ಅವನಿಗೆ ಹೊಳೆಯಿತು. ೧೯೧೨ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಮೊದಲ ಶಾಶ್ವತ ಯುವ ವಸತಿಗೃಹ ಸ್ಥಾಪನೆಯಾಯಿತು. ಇಂದು ಅಂತಹ ವಸತಿಗೃಹಗಳು ಪ್ರಪಂಚದ ಅನೇಕ ದೇಶಗಳಲ್ಲಿವೆ. ಒಂದರ ಮೇಲೊಂದು ಜೋಡಿಸಿದ ಮಂಚಗಳಲ್ಲಿ ನಾನಾ ದೇಶಗಳ ತರುಣರ ನಡುವೆ ಮಲಗಿ ಏಳುವಾಗ, ನಾವು ಮೂವರು ಮುದುಕರೂ ಯಾರದೋ ತರಗತಿಗೆ ತಡವಾಗಿ ಸೇರಿಕೊಂಡ ವಿದ್ಯಾರ್ಥಿಗಳಂತೆ ನಮಗೇ ಕಾಣುತ್ತಿದ್ದೆವು.

ಚೀಲವೇ ನಮ್ಮ ಮೊದಲ ಪಾಠವಾಯಿತು. ಹೊರಡುವ ಹಿಂದಿನ ವಾರ ಗಣಿತದ ಮೇಷ್ಟ್ರು ತೂಕದ ಯಂತ್ರವೊಂದನ್ನು ತಂದಿಟ್ಟು, ‘ಒಬ್ಬೊಬ್ಬರಿಗೆ ಎಂಟು ಕಿಲೋ, ಅದಕ್ಕಿಂತ ಒಂದು ಗ್ರಾಮೂ ಹೆಚ್ಚು ಬೇಡ’ ಎಂದು ತೀರ್ಪು ಕೊಟ್ಟರು. ನನ್ನ ಚೀಲ ಹದಿನಾಲ್ಕು ಕಿಲೋ ತೂಗಿತು. ಒಂದೊಂದೇ ವಸ್ತುವನ್ನು ಹೊರಗೆ ತೆಗೆಯುತ್ತ ಹೋದಂತೆ, ನನ್ನ ಅಗತ್ಯಗಳೆಂದುಕೊಂಡಿದ್ದವುಗಳಲ್ಲಿ ಅರ್ಧದಷ್ಟು ಕೇವಲ ಅಭ್ಯಾಸಗಳೆಂಬುದು ತಿಳಿಯಿತು. ಕೊನೆಗೆ ಉಳಿದವು ಎರಡು ಜೊತೆ ಬಟ್ಟೆ, ಒಂದು ಪಂಚೆ, ಔಷಧಿ, ಒಂದು ಟಿಪ್ಪಣಿ ಪುಸ್ತಕ ಮತ್ತು ಒಂದು ಪೊಟ್ಟಣ ಚಟ್ನಿಪುಡಿ. ಆ ನಲವತ್ತು ದಿನಗಳಲ್ಲಿ, ಮನೆಯಲ್ಲಿ ಬಿಟ್ಟುಬಂದ ಆರು ಕಿಲೋ ಸಾಮಾನಿನ ನೆನಪು ನನಗೆ ಒಮ್ಮೆಯೂ ಬರಲಿಲ್ಲ.

ಹೊರೆ ಕಡಿಮೆಯಾದಷ್ಟೂ ಪರರ ನೆರವಿನ ಅಗತ್ಯ ಹೆಚ್ಚುತ್ತದೆ. ಅದೇ ಈ ಬಗೆಯ ಪ್ರವಾಸದ ಗುಟ್ಟು. ಉತ್ತರ ಥಾಯ್‌ಲೆಂಡಿನ ಗಡಿಯಲ್ಲಿ ಮೆಕಾಂಗ್ ನದಿಯನ್ನು ದಾಟಿ ಲಾವೋಸಿಗೆ ಕಾಲಿಟ್ಟು, ಅಲ್ಲಿಂದ ಲುವಾಂಗ್ ಪ್ರಬಾಂಗ್ ಎಂಬ ಪ್ರಾಚೀನ ನಗರಕ್ಕೆ ದೋಣಿಯಲ್ಲಿ ಹೊರಟೆವು. ಅದು ಎರಡು ಹಗಲಿನ ಪಯಣ. ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್‌ಲೆಂಡ್, ಕಾಂಬೋಡಿಯ, ವಿಯೆಟ್ನಾಮ್ ಎಂಬ ಆರು ದೇಶಗಳ ದಾಹವನ್ನು ತಣಿಸುವ ಆ ಮಹಾನದಿಯ ಎರಡು ದಡಗಳಲ್ಲೂ ದಟ್ಟವಾದ ಹಸಿರು. ಮಧ್ಯಾಹ್ನದ ವೇಳೆಗೆ ನಮ್ಮಲ್ಲಿದ್ದ ಬಾಳೆಹಣ್ಣು ಮುಗಿದುಹೋಗಿತ್ತು. ಸಸ್ಯಾಹಾರಿಗಳಾದ ನಮಗೆ ದೋಣಿಯಲ್ಲಿ ತಿನ್ನಲು ಏನೂ ಸಿಗಲಿಲ್ಲ. ಎದುರು ಕುಳಿತಿದ್ದ ವೃದ್ಧ ದಂಪತಿಗಳು ಅದನ್ನು ಗಮನಿಸಿ, ಬಿದಿರಿನ ಪುಟ್ಟ ಬುಟ್ಟಿಯಲ್ಲಿದ್ದ ಅಂಟು ಅನ್ನವನ್ನು ನಮ್ಮ ಮುಂದೆ ಇಟ್ಟರು. ನಾವು ಚಟ್ನಿಪುಡಿಯ ಪೊಟ್ಟಣವನ್ನು ಬಿಚ್ಚಿದೆವು. ಆ ಮುದುಕರು ಒಂದು ಚಿಟಿಕೆ ರುಚಿ ನೋಡಿ, ಮತ್ತೆ ಕೈ ಚಾಚಿದರು.

ಅವರ ಮೊಮ್ಮಗಳು ಸ್ವಲ್ಪ ಇಂಗ್ಲಿಷ್ ಬಲ್ಲವಳು. ನಮ್ಮ ವೃತ್ತಿಯೇನೆಂದು ಅವಳು ಕೇಳಿದಳು. ಉಪಾಧ್ಯಾಯರೆಂದು ತಿಳಿದೊಡನೆ ಅಜ್ಜನಿಗೆ ‘ಖೂ, ಖೂ’ ಎಂದಳು. ಅಜ್ಜ ಎರಡು ಕೈಗಳನ್ನೂ ಜೋಡಿಸಿದರು. ಲಾವೋ ಭಾಷೆಯ ಆ ‘ಖೂ’, ಥಾಯ್ ಭಾಷೆಯ ‘ಖ್ರೂ’, ಕಾಂಬೋಡಿಯದ ಖ್ಮೇರ್ ಭಾಷೆಯ ‘ಕ್ರೂ’ ಇವೆಲ್ಲವೂ ನಮ್ಮ ‘ಗುರು’ ಎಂಬ ಶಬ್ದದ ರೂಪಾಂತರಗಳೇ. ಪದವೊಂದು ಸಾವಿರಾರು ಮೈಲಿ ಸಾಗಿ, ಉಚ್ಚಾರಣೆಯನ್ನು ಬದಲಿಸಿಕೊಂಡರೂ ಗೌರವವನ್ನು ಮಾತ್ರ ಕಳೆದುಕೊಳ್ಳದೆ ಉಳಿದಿರುವುದನ್ನು ಕಂಡು ನನ್ನ ಕಣ್ಣು ತೇವಗೊಂಡಿತು.

ಅಷ್ಟು ಆದರವನ್ನು ಪಡೆದ ನಾನು ಮೂರನೆಯ ದಿನವೇ ಅದಕ್ಕೆ ಅರ್ಹನಲ್ಲವೆಂಬಂತೆ ನಡೆದುಕೊಂಡೆ. ಲುವಾಂಗ್ ಪ್ರಬಾಂಗಿನ ಬೀದಿಯಲ್ಲಿ ಒಬ್ಬ ಅಜ್ಜಿ ನೆಲದ ಮೇಲೆ ಚಾಪೆ ಹಾಸಿ, ಕೈಯಿಂದ ಹೊಲಿದ ಬಟ್ಟೆಯ ಸಂಚಿಗಳನ್ನು ಮಾರುತ್ತಿದ್ದಳು. ನಾನು ಐದು ಸಾವಿರ ಕಿಪ್‌ಗಾಗಿ ಚೌಕಾಸಿಗಿಳಿದೆ. ಕೇಳಲು ದೊಡ್ಡ ಮೊತ್ತವಾದರೂ ನಮ್ಮ ಲೆಕ್ಕದಲ್ಲಿ ಅದು ಸುಮಾರು ಇಪ್ಪತ್ತು ರೂಪಾಯಿ. ಕಾಲು ಗಂಟೆ ವಾದಿಸಿದೆ; ಎದ್ದು ಹೋಗುವ ನಟನೆ ಮಾಡಿದೆ; ಗೆದ್ದೆ. ಅಜ್ಜಿ ಮಾತಾಡದೆ ಸಂಚಿಯನ್ನು ಮಡಿಸಿ ಕೊಟ್ಟಳು. ಚಿತ್ರಕಲೆಯ ಮೇಷ್ಟ್ರು ದಾರಿಯಲ್ಲಿ, ‘ಪಂಡಿತರೇ, ಇದೊಂದು ಹೊಲಿಯಲು ಎಷ್ಟು ದಿನ ಬೇಕಾಗುತ್ತದೆಂದು ನಿಮಗೆ ಗೊತ್ತೇ?’ ಎಂದಷ್ಟೇ ಕೇಳಿದರು. ನನಗೆ ಸಿಟ್ಟು ಬಂತು. ಆ ರಾತ್ರಿ ಅವರೊಡನೆ ಮಾತಾಡಲಿಲ್ಲ.

ಮರುದಿನ ಅದೇ ಊರಿನಲ್ಲಿ, ಸಿಡಿಯದೆ ಉಳಿದ ಬಾಂಬುಗಳನ್ನು ಕುರಿತ ಒಂದು ಪ್ರದರ್ಶನವನ್ನು ನೋಡಿದೆವು. ೧೯೬೪ರಿಂದ ೧೯೭೩ರವರೆಗೆ, ವಿಯೆಟ್ನಾಮ್ ಯುದ್ಧದ ಕಾಲದಲ್ಲಿ, ಅಮೆರಿಕದ ವಿಮಾನಗಳು ಈ ಪುಟ್ಟ ದೇಶದ ಮೇಲೆ ೨೦ ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿದವು. ಅವುಗಳಲ್ಲಿ ಚೆಂಡಿನ ಗಾತ್ರದ ಕೋಟ್ಯಂತರ ಮರಿಬಾಂಬುಗಳು ಸಿಡಿಯದೆ ಮಣ್ಣಿನಲ್ಲಿ ಉಳಿದುಹೋದವು. ಉಳುವ ರೈತರೂ ಆಡುವ ಮಕ್ಕಳೂ ಅವುಗಳಿಗೆ ಬಲಿಯಾಗುವುದು ಇನ್ನೂ ನಿಂತಿಲ್ಲ. ಆ ಅಜ್ಜಿಯ ಪ್ರಾಯವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಾಂಬುಗಳು ಬೀಳುತ್ತಿದ್ದಾಗ ಅವಳು ಎಳೆಯ ಹುಡುಗಿಯಾಗಿದ್ದಿರಬೇಕು. ಸಂಜೆ ಬೀದಿಗೆ ಓಡಿದೆ. ಅವಳು ಕುಳಿತಿದ್ದ ಸ್ಥಳ ಬರಿದಾಗಿತ್ತು. ಮರುದಿನವೂ ಅವಳು ಬರಲಿಲ್ಲ. ಆ ಇಪ್ಪತ್ತು ರೂಪಾಯಿ ಇಂದಿಗೂ ನನ್ನ ಹೆಗಲಿಗೆ ಭಾರವಾಗಿದೆ. ಗೆಳೆಯರ ಬಳಿ ಹೋಗಿ ಕ್ಷಮೆ ಕೇಳಿದೆ. ನಮ್ಮ ತಪ್ಪನ್ನು ನಮಗೆ ತೋರಿಸಬಲ್ಲವರು ಜೊತೆಯಲ್ಲಿರುವುದೇ ಸ್ನೇಹಿತರೊಡನೆ ಪ್ರವಾಸ ಮಾಡುವುದರ ದೊಡ್ಡ ಲಾಭ.

ಅದೇ ಊರಿನಲ್ಲಿ ಪ್ರತಿದಿನ ನಸುಕಿನಲ್ಲಿ ಬೌದ್ಧ ಭಿಕ್ಷುಗಳು ಸಾಲಾಗಿ ಬಂದು ಜನರಿಂದ ಅನ್ನದ ಭಿಕ್ಷೆ ಸ್ವೀಕರಿಸುತ್ತಾರೆ. ಅದು ಮೌನದ ಆಚರಣೆ. ಕೆಲವು ಪ್ರವಾಸಿಗರು ಎಳೆಯ ಭಿಕ್ಷುಗಳ ಮುಖಕ್ಕೆ ಹತ್ತಿರ ಹೋಗಿ, ಬೆಳಕು ಚಿಮ್ಮಿಸಿ ಚಿತ್ರ ತೆಗೆಯುತ್ತಿದ್ದರು. ನಮ್ಮ ಮನೆಯ ಪೂಜಾಗೃಹಕ್ಕೆ ಅಪರಿಚಿತರು ಹಾಗೆ ನುಗ್ಗಿದರೆ ನಾವು ಸಹಿಸುವೆವೇ? ಹಣ ಕೊಟ್ಟು ಬಂದಿದ್ದೇವೆಂಬ ಭಾವನೆ ಮನುಷ್ಯನನ್ನು ಎಷ್ಟು ಒರಟನನ್ನಾಗಿ ಮಾಡುತ್ತದೆಂಬುದನ್ನು ನಾನು ಅಲ್ಲಿ ಕಂಡೆ. ಬೀದಿಯ ಚಾಪೆಯ ಮುಂದೆ ನನ್ನಲ್ಲೂ ಕಂಡಿದ್ದೆ.

ಅಲ್ಲಿಂದ ವಿಯೆಟ್ನಾಮಿನ ರಾಜಧಾನಿಯಾದ ಹನೋಯಿಗೆ ಹೋದೆವು. ಅಲ್ಲಿ ೧೦೭೦ರಲ್ಲಿ ಕಟ್ಟಿದ ಸಾಹಿತ್ಯ ಮಂದಿರವಿದೆ. ಅದರ ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನಿನ ಮೇಲೆ ನಿಲ್ಲಿಸಿದ ೮೨ ಶಿಲಾಫಲಕಗಳನ್ನು ನೋಡಿದೆವು. ೧೪೪೨ರಿಂದ ೧೭೭೯ರವರೆಗೆ ನಡೆದ ಉನ್ನತ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರ ಹೆಸರುಗಳನ್ನು ಅವುಗಳ ಮೇಲೆ ಕೆತ್ತಲಾಗಿದೆ. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳು ಬಂದು ಆ ಆಮೆಗಳ ತಲೆಯನ್ನು ಸವರುವುದು ರೂಢಿಯಾಗಿತ್ತು. ಕಲ್ಲು ಸವೆಯುವುದೆಂದು ಈಗ ಬೇಲಿ ಹಾಕಿದ್ದಾರೆ. ರಾಜರ ವಿಜಯಗಳನ್ನು ಸಾರುವ ಶಾಸನಗಳನ್ನು ನಾವು ಬಹಳ ನೋಡಿದ್ದೇವೆ. ವಿದ್ಯಾರ್ಥಿಗಳ ಹೆಸರುಗಳನ್ನು ಕಲ್ಲಿನಲ್ಲಿ ಉಳಿಸಿದ ನಾಡನ್ನು ಕಂಡು ಮೂವರಿಗೂ ಹೆಮ್ಮೆಯೆನಿಸಿತು.

ಆ ಹೆಮ್ಮೆ ಬಹುದಿನ ಉಳಿಯಲಿಲ್ಲ. ರೈಲಿನಲ್ಲಿ ದಕ್ಷಿಣಕ್ಕೆ ಸಾಗಿ, ಬಸ್ಸಿನಲ್ಲಿ ಗಡಿ ದಾಟಿ, ಕಾಂಬೋಡಿಯದ ರಾಜಧಾನಿಯಾದ ನಾಮ್‌ಪೆನ್ನನ್ನು ತಲಪಿದೆವು. ಅಲ್ಲಿ ತೂಲ್ ಸ್ಲೆಂಗ್ ಎಂಬ ಸ್ಥಳವಿದೆ. ಮೊದಲು ಅದೊಂದು ಪ್ರೌಢಶಾಲೆ. ೧೯೭೫ರ ಏಪ್ರಿಲ್‌ನಲ್ಲಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಪಡೆಗಳು ನಗರವನ್ನು ವಶಪಡಿಸಿಕೊಂಡ ಬಳಿಕ, ಆ ಶಾಲೆ ಸೆರೆಮನೆಯಾಯಿತು. ತರಗತಿಯ ಕೋಣೆಗಳ ನಡುವೆ ಇಟ್ಟಿಗೆಯ ಗೋಡೆಗಳನ್ನೆಬ್ಬಿಸಿ ಒಬ್ಬ ಮನುಷ್ಯ ಕಾಲು ಚಾಚಲೂ ಆಗದ ಗೂಡುಗಳನ್ನು ಮಾಡಿದರು. ಮಕ್ಕಳು ವ್ಯಾಯಾಮ ಮಾಡುತ್ತಿದ್ದ ಕಂಬಗಳು ಚಿತ್ರಹಿಂಸೆಯ ಸಾಧನಗಳಾದವು. ೧೯೭೯ರ ಜನವರಿಯವರೆಗೆ ಅಲ್ಲಿಗೆ ತಂದ ೧೨ ಸಾವಿರಕ್ಕೂ ಹೆಚ್ಚು ಜನರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯವರು. ಅವರ ಭಾವಚಿತ್ರಗಳು ಗೋಡೆಯ ತುಂಬ ಇವೆ. ನಿಮ್ಮ ವಯಸ್ಸಿನವರ ಮುಖಗಳೂ ಅಲ್ಲಿವೆ. ಆ ಸೆರೆಮನೆಯ ಮುಖ್ಯಸ್ಥನಾಗಿದ್ದವನು ಮೊದಲು ಗಣಿತದ ಉಪಾಧ್ಯಾಯನಾಗಿದ್ದನು.

ಈ ಸಂಗತಿಯನ್ನು ಓದಿದ ನಮ್ಮ ಗಣಿತದ ಮೇಷ್ಟ್ರು ಹೊರಗೆ ಬಂದು ಮರದ ಕೆಳಗಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ಬಹಳ ಹೊತ್ತಿನ ಮೇಲೆ, ‘ಲೆಕ್ಕ ತಪ್ಪಿಲ್ಲದೆ ಮಾಡುವುದನ್ನು ಮಾತ್ರ ಕಲಿಸಿ ಸುಮ್ಮನಾದರೆ, ಹೀಗೂ ಆಗಬಹುದೇ ಪಂಡಿತರೇ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ವಿದ್ಯೆಯೊಂದೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಂದು ನಾನು ಅನೇಕ ಭಾಷಣಗಳಲ್ಲಿ ಹೇಳಿದ್ದುಂಟು. ಆ ಮಾತನ್ನು ಅಂದಿನಿಂದ ನಾನು ಅಷ್ಟು ಸುಲಭವಾಗಿ ಆಡುತ್ತಿಲ್ಲ. ಸಂತೋಷಕ್ಕಾಗಿ ಹೊರಟವರು ಇಂತಹ ಸ್ಥಳಗಳನ್ನು ನೋಡುವುದೇಕೆ ಎಂದು ಕೆಲವರು ಕೇಳುತ್ತಾರೆ. ಅತಿಥಿಯಾದವನು ಹಬ್ಬದ ಮನೆಗೆ ಮಾತ್ರ ಹೋಗಿ, ಸಾವಿನ ಮನೆಯನ್ನು ತಪ್ಪಿಸಿಕೊಂಡು ಬರಬಾರದೆಂಬುದೇ ನನ್ನ ಉತ್ತರ.

ನಮ್ಮ ಕೊನೆಯ ನಿಲುಗಡೆ ಅಂಕೋರ್ ವಾಟ್. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ, ಮುಂದೆ ಬೌದ್ಧರ ಆರಾಧನಾ ಸ್ಥಳವಾದ ಮಹಾದೇಗುಲವಿದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ೧೧೧೭ರಲ್ಲಿ, ನಮ್ಮ ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನನು ವಿಷ್ಣುವಿಗೊಂದು ಗುಡಿಯನ್ನು ಎತ್ತಿಸಿದನು. ಅಂಕೋರ್ ಎಂಬ ಹೆಸರೇ ‘ನಗರ’ ಎಂಬ ಸಂಸ್ಕೃತ ಪದದಿಂದ ಬಂದುದು. ಅದನ್ನು ನೋಡುತ್ತಿದ್ದ ನಮ್ಮ ದೇಶದವರೊಬ್ಬರು, ‘ಇದೆಲ್ಲವೂ ನಮ್ಮಿಂದಲೇ ಬಂದದ್ದು’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಬೀಜ ನಮ್ಮ ಕಡೆಯದಿರಬಹುದು. ಕಲ್ಲು ಕಡಿದು, ಹೊತ್ತು, ಕಥೆಯಾಗಿಸಿದ ಕೈಗಳು ಖ್ಮೇರ್ ಜನರವು. ಬಂಧುವಿನ ಮನೆಗೆ ಹೋದಾಗ ಸಂತೋಷಪಡಬೇಕಲ್ಲದೆ, ಮನೆಯೇ ತನ್ನದೆಂದು ಹೇಳುವುದು ಸಭ್ಯತೆಯಲ್ಲ.

ಪರದೇಶಕ್ಕಿಂತ ಮೊದಲು ಸ್ವಂತ ನಾಡನ್ನು ನೋಡಬೇಕಲ್ಲವೇ ಎಂಬ ಆಕ್ಷೇಪಣೆಯುಂಟು. ಅದು ಸರಿಯಾದ ಮಾತೇ. ಇಬ್ಬರು ಮೂವರು ಗೆಳೆಯರು ಸೇರಿ, ಹಿರಿಯರ ಒಪ್ಪಿಗೆ ಪಡೆದು, ಪಕ್ಕದ ಜಿಲ್ಲೆಗೆ ಸಾಮಾನ್ಯ ಬಸ್ಸಿನಲ್ಲಿ ಹೋಗಿ ಬಂದರೂ ಈ ಪಾಠ ಆರಂಭವಾಗುತ್ತದೆ. ಹಣವಿಲ್ಲದವರ ಗತಿಯೇನು, ಅಪಾಯಗಳಿಲ್ಲವೇ ಎಂಬ ಪ್ರಶ್ನೆಗಳೂ ನ್ಯಾಯವಾದವು. ಎಲ್ಲರಿಗೂ ಪರದೇಶದ ಪ್ರವಾಸ ಕೈಗೆಟುಕುವುದಿಲ್ಲ. ಕೈಗೆಟುಕಿದವರು ಧೈರ್ಯವನ್ನೂ ಉಡಾಫೆಯನ್ನೂ ಒಂದೆಂದು ತಿಳಿಯಬಾರದು. ನಾವು ಪ್ರತಿ ಸಂಜೆ ಮನೆಗೆ ಸುದ್ದಿ ತಿಳಿಸುತ್ತಿದ್ದೆವು. ರಾತ್ರಿ ಅಪರಿಚಿತ ದಾರಿಗಳಲ್ಲಿ ತಿರುಗುತ್ತಿರಲಿಲ್ಲ. ಪ್ರತಿ ದೇಶದ ಪ್ರವೇಶದ ಕಾಗದಪತ್ರಗಳನ್ನು ಮುಂಚಿತವಾಗಿ ಸಿದ್ಧಮಾಡಿಕೊಂಡಿದ್ದೆವು.

ಮನೆಗೆ ಮರಳಿದ ದಿನ ಮೊಮ್ಮಗಳು ನನ್ನ ಚೀಲವನ್ನು ತಡಕಾಡಿ, ‘ತಾತ, ನಾಲ್ಕು ದೇಶ ಸುತ್ತಿ ಇದೊಂದನ್ನೇ ತಂದಿರಾ?’ ಎಂದು ಆ ಬಟ್ಟೆಯ ಸಂಚಿಯನ್ನು ಎತ್ತಿ ಹಿಡಿದಳು. ಹೌದೆಂದು ಹೇಳಿ, ಅದನ್ನು ಹೊಲಿದ ಅಜ್ಜಿಯ ಕಥೆಯನ್ನು, ನನ್ನ ತಪ್ಪನ್ನು ಮರೆಮಾಚದೆ, ಅವಳಿಗೆ ತಿಳಿಸಿದೆ. ಸಂಚಿ ಈಗ ನನ್ನ ಓದುವ ಮೇಜಿನ ಎದುರಿನ ಗೋಡೆಯಲ್ಲಿ ತೂಗುತ್ತಿದೆ. ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅದನ್ನು ಮುಂದೆ ಅವಳು ಹೊರಲಿ ಎಂಬುದೇ ನನ್ನ ಆಸೆ. ಅವಳು ಹೋದೆಡೆಯಲ್ಲೆಲ್ಲ ಒಳ್ಳೆಯ ಅತಿಥಿಯಾಗಿರಲಿ. ನಮ್ಮ ಊರಿನ ಬೀದಿಯಲ್ಲಿ ಚೀಲ ಹೊತ್ತು ನಿಂತ ಅಪರಿಚಿತರಿಗೆ, ಆ ದೋಣಿಯ ವೃದ್ಧರಂತೆ, ತನ್ನ ಬುತ್ತಿಯಿಂದ ಒಂದು ತುತ್ತನ್ನು ನೀಡುವವಳಾಗಲಿ.